ಮಲಗಿಸಿ ನೋಡಿದರೆ ಎಲ್ಲಾ ನಾರ್ಮಲ್

ಹನುಮಂತನಗರದ ನನ್ನ ಕ್ಲಿನಿಕ್‌ಗೆ ಒಬ್ಬ ಟೀಚರ್ ಬಂದಿದ್ದರು. ಕೈಯಲ್ಲಿ ದಪ್ಪ ಫೈಲು. "ಡಾಕ್ಟ್ರೇ, ರಿಪೋರ್ಟ್ ಎಲ್ಲಾ ನಾರ್ಮಲ್. ಆದ್ರೆ ಚಪಾತಿ ಲಟ್ಟಿಸೋಕೆ ನಿಂತ್ರೆ ಎದೆ ಡವಡವ ಅನ್ನುತ್ತೆ, ಕಣ್ಣು ಮಂಜಾಗುತ್ತೆ. ಮನೇಲಿ ಸೋಂಬೇರಿತನ ಅಂತಾರೆ" ಎಂದರು. ಆರು ತಿಂಗಳ ಹಿಂದೆ ಕೋವಿಡ್ ಬಂದಿತ್ತು. ಮೂರು ದಿನ ಜ್ವರ, ಅಷ್ಟೇ. ಆಸ್ಪತ್ರೆಗೂ ಸೇರಿರಲಿಲ್ಲ.

ಹತ್ತು ನಿಮಿಷ ಮಲಗಿಸಿದೆ. ನಾಡಿ 76. ಆಮೇಲೆ ಎಬ್ಬಿಸಿ, ಗೋಡೆಗೆ ಒರಗಿ ಸುಮ್ಮನೆ ನಿಲ್ಲಲು ಹೇಳಿದೆ. ಎರಡನೇ ನಿಮಿಷಕ್ಕೆ 108. ಎಂಟನೇ ನಿಮಿಷಕ್ಕೆ 118. ಬಿಪಿ ಇಳಿದಿರಲಿಲ್ಲ. ಹಣೆಯಲ್ಲಿ ಬೆವರು, ತುಟಿ ಬಿಳಿಚಿತ್ತು.

ನಿಂತಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ. ಕಾಲಿನ ರಕ್ತನಾಳಗಳು ಬಿಗಿಯಾಗಿ ಅದನ್ನು ಮೇಲಕ್ಕೆ ಕಳಿಸಬೇಕು. ಇದನ್ನು ನೋಡಿಕೊಳ್ಳುವ ನರಗಳು ಹದ ತಪ್ಪಿದರೆ ಹೃದಯವೇ ಜೋರಾಗಿ ಓಡಬೇಕಾಗುತ್ತದೆ. ನಿಂತ 10 ನಿಮಿಷದೊಳಗೆ ದೊಡ್ಡವರ ನಾಡಿ ಮಲಗಿದ್ದಾಗಿಗಿಂತ 30 ಅಥವಾ ಅದಕ್ಕಿಂತ ಜಾಸ್ತಿ ಏರಿ, ಇಳಿಯದೇ ಉಳಿದು, ಬಿಪಿ ಮಾತ್ರ ಬೀಳದಿದ್ದರೆ ಪಾಟ್ಸ್ ಎಂಬ ತೊಂದರೆ ಇರಬಹುದು ಎಂದು ನೋಡುತ್ತೇವೆ. ಕೋವಿಡ್ ಆದ ಮೇಲೆ ಇದು ಕೆಲವರಿಗೆ ಶುರುವಾಗುತ್ತದೆ. ಇಸಿಜಿ, ಎಕೋ ಸಾಮಾನ್ಯವಾಗಿ ಮಲಗಿಸಿಯೇ ಮಾಡುವುದು ಅಲ್ವಾ? ನಿಂತಾಗ ಬರುವ ತೊಂದರೆ ಅದರಲ್ಲಿ ಸಿಗುವುದಾದರೂ ಹೇಗೆ?

ಸೋಂಕು ಬಂದು ಮೂರು ತಿಂಗಳಾದರೂ ಸುಸ್ತು, ಏದುಸಿರು, ಮರೆವಿನಂಥ ತೊಂದರೆ ಇದ್ದು, ಕನಿಷ್ಠ ಎರಡು ತಿಂಗಳು ಕಾಡಿ, ಬೇರೆ ಕಾರಣ ಸಿಗದಿದ್ದರೆ ಅದು ಲಾಂಗ್ ಕೋವಿಡ್. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ವ್ಯಾಖ್ಯಾನ ಇದು. ಸೋಂಕು ತಗುಲಿದ 100 ಜನರಲ್ಲಿ ಸುಮಾರು 6 ಜನಕ್ಕೆ ಹೀಗಾಗುತ್ತದೆ ಎಂಬುದು ಅವರ ಅಂದಾಜು. ಲಸಿಕೆ ಹಾಕಿಸಿಕೊಂಡವರಿಗೆ ಅಪಾಯ ಕಡಿಮೆ.

ಬೇರೆ ಕಾರಣ ಹುಡುಕುವುದನ್ನು ಮಾತ್ರ ಬಿಡಬಾರದು. ರಕ್ತಹೀನತೆ, ಥೈರಾಯ್ಡ್, ಶುಗರ್, ಬಿ12 ನೋಡಲೇಬೇಕು. ಕೆಮ್ಮು ಬಿಡದಿದ್ದರೆ ಟಿಬಿ ಕೂಡ. ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟಿದರೆ ಸುಲಭವಾಗಿ ವಾಸಿಯಾಗುವ ಕಾಯಿಲೆಯೂ ಒಳಗೇ ಉಳಿದುಬಿಡುತ್ತದೆ.

ಟೀಚರ್‌ಗೆ ಒಂದು ಪುಟ್ಟ ಡೈರಿ ಬರೆಯಲು ಹೇಳಿದೆ. ಏನು ಕೆಲಸ, ಎಷ್ಟು ಹೊತ್ತು, ಆಮೇಲೆ ಹೇಗಿತ್ತು. ಮೂರು ವಾರದ ಪುಟಗಳನ್ನು ಜೊತೆಗೆ ಕೂತು ಓದಿದೆವು. ಭಾನುವಾರ ಸ್ವಲ್ಪ ಚೆನ್ನಾಗಿದೆ ಅನಿಸಿದ ತಕ್ಷಣ ವಾರದ ಬಟ್ಟೆಯೆಲ್ಲ ಒಗೆದು, ಮನೆ ಒರೆಸಿದ್ದಾರೆ. ಸೋಮವಾರ ಸಂಜೆಯಿಂದ ಹಾಸಿಗೆ. ಮೂರು ವಾರವೂ ಅದೇ ಕಥೆ. ಇಂಥವರಿಗೆ ಕೆಲಸದ ಬೆಲೆ ಆಗಲೇ ಗೊತ್ತಾಗುವುದಿಲ್ಲ. 12ರಿಂದ 48 ಗಂಟೆ ಬಿಟ್ಟು ಬರುತ್ತದೆ. ಅದಕ್ಕೇ ಸುಸ್ತಾದ ಮೇಲೆ ನಿಲ್ಲಿಸಿದರೆ ತಡವಾಯಿತು ಎಂದೇ ಲೆಕ್ಕ.

"ದಿನಾ ಲಾಲ್‌ಬಾಗ್‌ನಲ್ಲಿ ಒಂದು ರೌಂಡ್ ಹಾಕಿ, ಎಲ್ಲಾ ಸರಿಹೋಗುತ್ತೆ" ಎಂದು 2021ರಲ್ಲಿ ನಾನೂ ಕೆಲವರಿಗೆ ಹೇಳಿದ್ದೆ. ಹೀಗೆ ತಡವಾಗಿ ಕುಸಿಯುವವರ ವಿಷಯದಲ್ಲಿ ಅದು ತಪ್ಪು ಸಲಹೆ. ಇದು ಇಲ್ಲದವರು ನಿಧಾನವಾಗಿ ನಡಿಗೆ ಹೆಚ್ಚಿಸಬಹುದು, ಒಳ್ಳೆಯದೇ. ಇರುವವರು ತಮ್ಮ ಕೈಲಾಗುವುದಕ್ಕಿಂತ ಸ್ವಲ್ಪ ಕಡಿಮೆಯಲ್ಲೇ ನಿಲ್ಲಬೇಕು. ಬಟ್ಟೆಯನ್ನು ನಾಲ್ಕು ದಿನಕ್ಕೆ ಹಂಚಿ. ತರಕಾರಿ ಕೂತು ಹೆಚ್ಚಿ. ಸ್ನಾನವಾದ ಮೇಲೆ ಕಾಲು ಗಂಟೆ ಮಲಗಿ. ಚೆನ್ನಾಗಿದೆ ಅನಿಸಿದ ದಿನವೇ ಹೆಚ್ಚು ಹುಷಾರಾಗಿರಿ.

ಪಾಟ್ಸ್‌ಗೆ ನೀರು ಜಾಸ್ತಿ ಬೇಕು. ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯಲು ಹೇಳುತ್ತೇನೆ, ಆದರೆ ಬಿಪಿ, ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರು ಕೇಳದೇ ಮಾಡಬೇಡಿ. ಬಿಗಿಯಾದ ಉದ್ದ ಸಾಕ್ಸ್ ಕೆಲವರಿಗೆ ಒಗ್ಗುತ್ತದೆ. ಇದಕ್ಕೂ ಮೀರಿದರೆ ಮಾತ್ರೆಗಳಿವೆ. ಎಲ್ಲವನ್ನೂ ಒಂದೇ ಏಟಿಗೆ ವಾಸಿ ಮಾಡುವ ಔಷಧ ಮಾತ್ರ ಇನ್ನೂ ಇಲ್ಲ. ಸಾವಿರಾರು ರೂಪಾಯಿ ಸುರಿದು ವಿಟಮಿನ್ ಡ್ರಿಪ್ ಹಾಕಿಸಿಕೊಂಡು ಬಂದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕೋವಿಡ್ ಆದ ಮೇಲೆ ವಾಸನೆ ಹಿಡಿಯುವ ಶಕ್ತಿ ಕೆಟ್ಟವರ ಪಾಡೂ ಕಷ್ಟವೇ. ಕಾಫಿ, ಈರುಳ್ಳಿ ಒಗ್ಗರಣೆ ಕೊಳೆತಂತೆ ನಾರುತ್ತದೆ. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ, ಒಂದೊಂದನ್ನೂ ದಿನಕ್ಕೆರಡು ಸಲ 20 ಸೆಕೆಂಡ್ ಗಮನವಿಟ್ಟು ಮೂಸಬೇಕು. ತಿಂಗಳುಗಟ್ಟಲೆ ಮಾಡಬೇಕಾಗುತ್ತದೆ.

ಎದೆನೋವು, ಕೂತಲ್ಲೇ ಏದುಸಿರು, ಪ್ರಜ್ಞೆ ತಪ್ಪುವುದು, ಒಂದೇ ಕಾಲು ಊದಿಕೊಳ್ಳುವುದು ಕಂಡರೆ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಟೀಚರ್ ಈಗ ಕುರ್ಚಿಯಲ್ಲಿ ಕೂತು ದಿನಕ್ಕೆ ಮೂರು ಪೀರಿಯಡ್ ತೆಗೆದುಕೊಳ್ಳುತ್ತಾರೆ. ಪೂರ್ತಿ ವಾಸಿಯಾಗಿಲ್ಲ. ಒಂದು ಸಲ ಅತ್ತೆಯವರನ್ನೂ ಕರೆದುಕೊಂಡು ಬನ್ನಿ ಎಂದಿದ್ದೆ. ಬಂದರು. ಅತ್ತೆಯವರ ಬೆರಳನ್ನೇ ಸೊಸೆಯ ಮಣಿಕಟ್ಟಿನ ಮೇಲೆ ಇಡಿಸಿದೆ, ಮೊದಲು ಮಲಗಿದ್ದಾಗ, ಆಮೇಲೆ ನಿಂತಾಗ. "ಅಯ್ಯೋ, ಇದೇನಮ್ಮಾ ಹಿಂಗೆ ಓಡ್ತಿದೆ! ಕೂತ್ಕೋ ಕೂತ್ಕೋ" ಎಂದರು. ಅಡುಗೆಮನೆಗೆ ಎತ್ತರದ ಸ್ಟೂಲ್ ತರಿಸಿದ್ದು ಅವರೇ.