ಪಚ್ಚೆಯನ್ನು ಅಂಟುವಾಳದ ನೀರಲ್ಲಿ ಕುದಿಸಬೇಡಿ

ವರಮಹಾಲಕ್ಷ್ಮಿ ಹಬ್ಬ ಮುಗಿದ ಮರುವಾರ ಹಾಸನದ ನನ್ನ ಅಂಗಡಿಗೆ ಬರುವ ದೂರು ಪ್ರತಿವರ್ಷ ಒಂದೇ: "ಪಚ್ಚೆ ಒಡೆದುಹೋಗಿದೆ, ಕೊಟ್ಟವನು ಮೋಸ ಮಾಡಿದ." ಹರಳು ನೋಡುವ ಭೂತಗನ್ನಡಿ, ಅಂದರೆ ಲೂಪ್ ಹಿಡಿಯುವ ಮೊದಲೇ ಕೇಳುತ್ತೇನೆ, ಹೇಗೆ ತೊಳೆದಿರಿ? ಉತ್ತರವೂ ಒಂದೇ. ಅಂಟುವಾಳಕಾಯಿ ಹಾಕಿ ಕುದಿಸಿದ ನೀರಲ್ಲಿ, ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ, ಬಂಗಾರದ ಜೊತೆಗೇ. ಬಂಗಾರಕ್ಕೆ ಅದು ಸರಿ, ನಮ್ಮಜ್ಜಿಯೂ ಹಾಗೇ ಮಾಡುತ್ತಿದ್ದರು. ಪಚ್ಚೆಗೆ ಆಗದು.

ಬಹುಪಾಲು ಪಚ್ಚೆಗಳಲ್ಲಿ ಹುಟ್ಟಿನಿಂದಲೇ ಸಣ್ಣ ಸಣ್ಣ ಸೀಳುಗಳಿರುತ್ತವೆ. ಹರಳಿನ ಮೈಮೇಲೆ ಬಾಯಿ ತೆರೆದ ಸೀಳುಗಳಿಗೆ ಸೀಡರ್ ಮರದ ಎಣ್ಣೆಯನ್ನೋ ರಾಳವನ್ನೋ ತುಂಬುತ್ತಾರೆ. ಜೈಪುರದವರೂ ತುಂಬುತ್ತಾರೆ, ಕೊಲಂಬಿಯಾದವರೂ ತುಂಬುತ್ತಾರೆ. ಹಳೇ ರೂಢಿ ಇದು, ವ್ಯಾಪಾರದಲ್ಲಿ ಒಪ್ಪಿತ, ಹೇಳಿ ಮಾರಬೇಕು ಅಷ್ಟೆ. (ಹಸಿರು ಬಣ್ಣ ಬೆರೆಸಿದ ಎಣ್ಣೆಯಾದರೆ ಮೋಸವೇ.) ಎಣ್ಣೆ ಮಾಡುವುದು ಬೆಳಕಿನ ಕೆಲಸ. ಬೆಳಕನ್ನು ಎಷ್ಟು ಬಾಗಿಸುತ್ತದೆ ಎನ್ನುವ ಅಳತೆಗೆ ವಕ್ರೀಭವನಾಂಕ ಎನ್ನುತ್ತಾರೆ; ಪಚ್ಚೆಯದು ಸುಮಾರು 1.58, ಸೀಡರ್ ಎಣ್ಣೆಯದು 1.51ರ ಆಸುಪಾಸು, ಗಾಳಿಯದು 1. ಸೀಳಲ್ಲಿ ಗಾಳಿ ಇದ್ದರೆ ಬೆಳಕು ಅಲ್ಲಿಂದ ವಾಪಸ್ ಹೊಡೆದು ಬೆಳ್ಳಗೆ ಕಾಣುತ್ತದೆ. ಎಣ್ಣೆ ಇದ್ದರೆ, ಅದರ ಅಂಕ ಪಚ್ಚೆಯದಕ್ಕೆ ಹತ್ತಿರವಾದ್ದರಿಂದ, ಹೆಚ್ಚುಕಡಿಮೆ ತಡೆಯಿಲ್ಲದೆ ದಾಟಿಹೋಗುತ್ತದೆ. ಬಿಸಿಗೆ ಎಣ್ಣೆ ತೆಳುವಾಗಿ ಹೊರಬರುತ್ತದೆ, ಅಂಟುವಾಳದ ನೊರೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಹರಳು ಒಡೆದದ್ದಲ್ಲ, ಇದ್ದ ಸೀಳು ಕಂಡದ್ದು. ಇಷ್ಟೆಲ್ಲ ಹೇಳಿದ ಮೇಲೂ "ಹಾಗಾದ್ರೆ ಮೊದಲು ಯಾಕೆ ಕಾಣ್ಲಿಲ್ಲ?" ಅನ್ನುತ್ತಾರೆ. ಎಣ್ಣೆ ಇತ್ತು, ತಾಯಿ. ಎಣ್ಣೆ ಇತ್ತು.

ಎಲ್ಲವೂ ಹೀಗೇ ಎನ್ನಲಾರೆ. ಬಿಸಿನೀರಿಂದ ತೆಗೆದು ನೇರ ತಣ್ಣೀರಿಗೆ ಹಾಕಿದರೆ ಸೀಳು ನಿಜಕ್ಕೂ ಬೆಳೆಯಬಹುದು. ವಾಟ್ಸಾಪಲ್ಲಿ ಕಳಿಸಿದ ಫೋಟೊ ನೋಡಿ ಯಾವುದೆಂದು ಹೇಳಲು ಆಗದು, ದಯವಿಟ್ಟು ಕೇಳಬೇಡಿ.

ಸೀಳು ಯಾಕಿರುತ್ತದೆ ಎನ್ನುವುದು ನನಗಿಷ್ಟದ ವಿಷಯ. ಪಚ್ಚೆ ಬೆರಿಲ್ ಜಾತಿಯ ಹರಳು. ಅದಕ್ಕೆ ಬೇಕಾದ ಬೆರಿಲಿಯಂ ಸಾಮಾನ್ಯವಾಗಿ ಗ್ರಾನೈಟಿನ ಕಡೆಯದು, ಹಸಿರು ಕೊಡುವ ಕ್ರೋಮಿಯಂ ಬೇರೆಯದೇ ಶಿಲೆಯದು. ಇವೆರಡೂ ಒಂದೆಡೆ ಸೇರಬೇಕಾದರೆ ನೆಲ ಬಿರಿಯಬೇಕು, ಬಿಸಿ ದ್ರವ ನುಗ್ಗಬೇಕು. ಆ ಗದ್ದಲದಲ್ಲಿ ಬೆಳೆದ ಹರಳು ನುಣ್ಣಗಿರಲಿ ಎಂದರೆ ಹೇಗೆ? ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಕಡೆ ಕ್ರೋಮೈಟ್, ಅಂದರೆ ಕ್ರೋಮಿಯಂ ಅದಿರಿನ ಗಣಿಗಳಿವೆ. ಹಾಗಾದರೆ ಅಲ್ಲಿ ಪಚ್ಚೆ ಅಗೆಯಬಹುದಾ ಎಂದು ಕೇಳಿದವರಿದ್ದಾರೆ. ಕ್ರೋಮಿಯಂ ಒಂದರಿಂದಲೇ ಪಚ್ಚೆ ಆಗದು, ಸ್ವಾಮಿ.

ಹಾಗಾಗಿ ಒಂದು ಗೆರೆಯೂ ಇಲ್ಲದ ದೊಡ್ಡ ಪಚ್ಚೆ ಅಗ್ಗಕ್ಕೆ ಸಿಕ್ಕಿತು ಎಂದಾಗಲೇ ನನಗೆ ಗಾಜಿನದೋ ಲ್ಯಾಬಿನದೋ ಎಂಬ ಅನುಮಾನ. ಸ್ಪೇನಿನವರು ಕೊಲಂಬಿಯಾದಿಂದ ಸಾಗಿಸಿದ ಹರಳುಗಳಲ್ಲಿ ಒಳ್ಳೊಳ್ಳೆಯವು ಮೊಘಲರ ಖಜಾನೆ ಸೇರಿದವು. ಅವರು ನೋಡಿದ್ದು ಸೀಳನ್ನಲ್ಲ, ಹಸಿರನ್ನು. ಮೇಲೆ ಹೂಬಳ್ಳಿ, ಅಕ್ಷರ ಕೆತ್ತಿಸಿದರು; 217.80 ಕ್ಯಾರೆಟ್‌ನ ಒಂದರ ಮೇಲೆ ಹಿಜರಿ 1107 ಎಂದಿದೆ, ಅಂದರೆ 1695-96.

ಸಕಲೇಶಪುರದ ಕಡೆಯ ತೋಟದ ಮನೆಯ ಅಜ್ಜಿಯೊಬ್ಬರಿಗೆ ಈ ಎಣ್ಣೆಯ ಕಥೆ ಹೇಳಿ ಕಳಿಸಿದ್ದೆ. ಅವರು ಮನೆಗೆ ಹೋಗಿ ಪದಕದ ಪಚ್ಚೆಗೆಲ್ಲ ಕೊಬ್ಬರಿ ಎಣ್ಣೆ ಸವರಿದರು. ಡಿಸೆಂಬರ್ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಹರಳು ಕೂರಿಸಿದ ಕಟ್ಟಿನ ಸಂದಿಯಲ್ಲೆಲ್ಲ ಬೆಳ್ಳಗೆ ಕೂತಿತ್ತು. ಬಯ್ಯಲು ಬಾಯಿ ಬರಲಿಲ್ಲ. "ಆ ಸೀಡರ್ ಎಣ್ಣೆ ಬಾಟ್ಲಿ ಎಷ್ಟಪ್ಪ?" ಅಂದರು. ಸವರಿದರೆ ಒಳಗೆ ಇಳಿಯುವುದಿಲ್ಲ ಅಜ್ಜಿ, ಸೀಳಿನ ಗಾಳಿಯನ್ನು ಎಳೆದು ತೆಗೆದು ತುಂಬಬೇಕು, ಅದು ಬಲ್ಲವರ ಕೆಲಸ. ಜೈಪುರಕ್ಕೆ ಕಳಿಸಿದೆವು. ಪೂರ್ತಿ ಮೊದಲಿನಂತೆ ಆಗುತ್ತದೆಂದು ನಾನು ಮಾತು ಕೊಟ್ಟಿರಲಿಲ್ಲ, ಬಹುಮಟ್ಟಿಗೆ ಆಯಿತು.

ತೊಳೆಯಲೇಬೇಕೆಂದರೆ ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸಾಕು. ಅಲ್ಟ್ರಾಸಾನಿಕ್ ಮೆಷಿನ್ನಿಗೆ, ಸ್ಟೀಮಿಗೆ ಕೊಡಬೇಡಿ. ಉಂಗುರದ ಅಳತೆ ಬದಲಿಸುವಾಗ ಬೆಂಕಿ ತಾಗಿಸುವ ಮೊದಲು ಹರಳು ಬಿಚ್ಚಿಸಿ. ಎದುರಿಗೇ ನಿಂತು ಬಿಚ್ಚಿಸಿ.