ಮಳೆಕಾಡು ಅಷ್ಟು ದಟ್ಟ, ಮಣ್ಣು ಮಾತ್ರ ಯಾಕೆ ಸತ್ವ ಇಲ್ಲದ್ದು?

ಉಷ್ಣವಲಯದ ಮಳೆಕಾಡು ಓದೋವಾಗ ಲೊಕೇಶನ್ ಬೇರೆ, ವಾಯುಗುಣ ಬೇರೆ, ಮಣ್ಣು ಬೇರೆ ಅಂತ ಬಾಯಿಪಾಠ ಮಾಡ್ಬೇಡಿ. ಬಿಸಿಲಿಂದ ಮಳೆ, ಮಳೆಯಿಂದ ಕಾಡು, ಅದೇ ಮಳೆಯಿಂದ ಮಣ್ಣಿನ ಬಡತನ, ಇಷ್ಟು ಹಿಡ್ಕೊಂಡ್ರೆ ಮಿಕ್ಕಿದ್ದು ತಾನಾಗೇ ನೆನಪಿಗೆ ಬರುತ್ತೆ.

ಎಲ್ಲಿದೆ ಅಂದ್ರೆ ಮುಖ್ಯವಾಗಿ ಸಮಭಾಜಕ ವೃತ್ತದ ಎರಡೂ ಕಡೆ ಸುಮಾರು 10 ಡಿಗ್ರಿ ಅಕ್ಷಾಂಶದ ಒಳಗೆ: ಅಮೆಜಾನ್ ಜಲಾನಯನ, ಕಾಂಗೋ ಜಲಾನಯನ, ಮತ್ತೆ ಮಲೇಷ್ಯಾ, ಇಂಡೋನೇಷ್ಯಾ, ಪಪುವಾ ನ್ಯೂಗಿನಿ ಕಡೆ. ಮಡಗಾಸ್ಕರ್‌ನ ಪೂರ್ವ ಕರಾವಳಿ 10 ಡಿಗ್ರಿ ದಾಟಿದ್ರೂ ಅಲ್ಲಿ ಮಳೆಕಾಡಿದೆ, ಯಾಕಂದ್ರೆ ವಾಣಿಜ್ಯ ಮಾರುತಗಳು, ಅಂದ್ರೆ ಪೂರ್ವದ ಕಡೆಯಿಂದ ಹೆಚ್ಚುಕಮ್ಮಿ ಸದಾ ಬೀಸೋ ಗಾಳಿ, ಸಮುದ್ರದಿಂದ ತೇವ ತಂದು ಅಲ್ಲಿ ಸುರಿಸ್ತವೆ. ಹಾಗೇ ಸಮಭಾಜಕ ವೃತ್ತ ಹಾದು ಹೋದ ಕಡೆಯೆಲ್ಲ ಈ ಕಾಡು ಇರಲ್ಲ, ಕೀನ್ಯಾದ ಹೆಚ್ಚಿನ ಭಾಗ ಒಣ ಪ್ರದೇಶ, ಆಂಡಿಸ್ ಪರ್ವತದ ಮೇಲೆ ಚಳಿ. ಮ್ಯಾಪ್‌ನಲ್ಲಿ ಗುರುತು ಹಾಕೋವಾಗ ತುಂಬಾ ಜನ ತಪ್ಪೋದು ಇಲ್ಲೇ.

ವಾಯುಗುಣಕ್ಕೆ ಒಂದು ದಿನ ಅರ್ಥ ಆದ್ರೆ ಇಡೀ ವರ್ಷ ಅರ್ಥ ಆದ ಹಾಗೆ. ಬೆಳಿಗ್ಗೆ ಆಕಾಶ ಹೆಚ್ಚುಕಮ್ಮಿ ಶುಭ್ರ, ಹೊತ್ತು ಏರ್ತಾ ಏರ್ತಾ ನೆಲ ಕಾದು ತೇವದ ಗಾಳಿ ಮೇಲಕ್ಕೆ ಹೋಗುತ್ತೆ, ಮೇಲೆ ತಣ್ಣಗಾಗಿ ಮೋಡ ಕಟ್ಟುತ್ತೆ, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಸಮೇತ ಜಡಿಮಳೆ. ಇದೇ ಪರಿಸರಣ ಮಳೆ. ವರ್ಷಕ್ಕೆ ಸಾಮಾನ್ಯವಾಗಿ 2000 ಮಿಲಿಮೀಟರ್‌ಗಿಂತ ಜಾಸ್ತಿ. ಸರಾಸರಿ ಉಷ್ಣಾಂಶ 27 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಅತಿ ಬಿಸಿ ತಿಂಗಳಿಗೂ ಅತಿ ತಂಪು ತಿಂಗಳಿಗೂ ಬರೀ 2–3 ಡಿಗ್ರಿ ವ್ಯತ್ಯಾಸ, ಆದ್ರೆ ಹಗಲು ರಾತ್ರಿ ನಡುವಿನ ವ್ಯತ್ಯಾಸ ಅದಕ್ಕಿಂತ ಜಾಸ್ತಿ, ಅದಕ್ಕೇ ಅಲ್ಲಿ ರಾತ್ರಿನೇ ಚಳಿಗಾಲ ಅಂತಾರೆ. ಎಲೆ ಉದುರಿಸೋ ಕಾಲ ಅಂತ ಬೇರೆ ಇಲ್ಲದೇ ಇರೋದ್ರಿಂದ ಕಾಡು ವರ್ಷಪೂರ್ತಿ ಹಸಿರು, ನಿತ್ಯಹರಿದ್ವರ್ಣ ಅನ್ನೋ ಹೆಸರು ಬಂದಿದ್ದು ಹೀಗೆ.

ಮರಗಳೆಲ್ಲ ಬೆಳಕಿಗಾಗಿ ಪೈಪೋಟಿಗೆ ಬಿದ್ದಿರ್ತವೆ. ಎಲ್ಲಕ್ಕಿಂತ ಮೇಲೆ ತಲೆ ಎತ್ತಿರೋ ಕೆಲವು ದೈತ್ಯ ಮರಗಳು, ಅದರ ಕೆಳಗೆ ಚಪ್ಪರದ ಹಾಗೆ ಕೂಡ್ಕೊಂಡಿರೋ ಕ್ಯಾನೊಪಿ, ಆಮೇಲೆ ಸಣ್ಣ ಮರಗಳು, ಕೊನೆಗೆ ನೆಲ. ನೆಲಕ್ಕೆ ತಲುಪೋ ಬೆಳಕು ಶೇಕಡ 2ರ ಹತ್ತಿರ ಅಷ್ಟೇ. ಹಾಗಾಗಿ ಸಿನಿಮಾದಲ್ಲಿ ಕತ್ತಿಯಿಂದ ಪೊದೆ ಕಡೀತಾ ಹೋಗ್ತಾರಲ್ಲ, ಅದು ನದಿ ದಂಡೆಯಲ್ಲೋ ಮರ ಬಿದ್ದ ಜಾಗದಲ್ಲೋ ಸರಿ, ದಟ್ಟ ಕಾಡಿನ ಒಳಗೆ ನೆಲ ಸಾಕಷ್ಟು ಖಾಲಿನೇ ಇರುತ್ತೆ. ಎಲೆಗಳನ್ನ ಹತ್ತಿರದಿಂದ ನೋಡಿದ್ರೆ ಎಷ್ಟೋ ಎಲೆಗಳ ತುದಿ ಚೂಪಾಗಿ ಬಾಲದ ಹಾಗೆ ಇಳಿದಿರುತ್ತೆ, ನೀರು ಅಲ್ಲಿಂದ ಸರಕ್ಕನೆ ಜಾರಿಹೋಗುತ್ತೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಮಣ್ಣು. ಇಷ್ಟು ಕಾಡು ಬೆಳೆದಿದೆ ಅಂದ್ರೆ ಮಣ್ಣು ಫಲವತ್ತಾಗಿರ್ಬೇಕು ಅನ್ಸುತ್ತೆ, ಆದ್ರೆ ಹೆಚ್ಚಿನ ಕಡೆ ಹಾಗಿಲ್ಲ. ದಿನಾ ಸುರಿಯೋ ಮಳೆ ಪೋಷಕಾಂಶಗಳನ್ನ ತೊಳೆದು ಆಳಕ್ಕೆ ಒಯ್ದುಬಿಡುತ್ತೆ, ಉಳಿಯೋದು ಕಬ್ಬಿಣ, ಅಲ್ಯೂಮಿನಿಯಂ ತುಂಬಿದ ಕೆಂಪು ಮಣ್ಣು. ಹಾಗಾದ್ರೆ ಮರಕ್ಕೆ ಊಟ ಎಲ್ಲಿಂದ? ಬಿದ್ದ ಎಲೆಯಿಂದ. ಬಿಸಿ ಮತ್ತೆ ತೇವಕ್ಕೆ ಎಲೆ ಬೇಗ ಕೊಳೆಯುತ್ತೆ, ಬೇರಿಗೆ ಅಂಟಿಕೊಂಡಿರೋ ಶಿಲೀಂಧ್ರಗಳು ಆ ಸತ್ವವನ್ನ ಮಳೆಗೆ ಕೊಚ್ಚಿಹೋಗೋಕೆ ಮುಂಚೆನೇ ಹೀರಿ ಮರಕ್ಕೆ ಕೊಡ್ತವೆ. ಅಂದ್ರೆ ಕಾಡಿನ ಆಸ್ತಿ ಬಹುಪಾಲು ಇರೋದು ಮರದೊಳಗೆ, ಮಣ್ಣಲ್ಲಲ್ಲ. ಸತ್ವ ಮೇಲ್ಪದರದಲ್ಲೇ ಇರೋದ್ರಿಂದ ಬೇರೂ ಆಳಕ್ಕೆ ಹೋಗಲ್ಲ, ಅಷ್ಟೆತ್ತರದ ಮರ ಬೀಳದೇ ಇರೋಕೆ ಬುಡದಲ್ಲಿ ಗೋಡೆ ಥರ ಅಗಲವಾದ ಆನಿಕೆ ಬೇರು.

ಕಾಡು ಕಡಿದು ಸುಟ್ಟು ಹೊಲ ಮಾಡಿದ್ರೆ ಬೂದಿಯ ಬಲದಿಂದ ಎರಡು ಮೂರು ವರ್ಷ ಬೆಳೆ ಬಂದು ಆಮೇಲೆ ಇಳುವರಿ ಕುಸಿಯೋದು ಇದಕ್ಕೇ, ಸ್ಥಳಾಂತರ ಬೇಸಾಯದವರು ಜಾಗ ಬದಲಿಸ್ತಾ ಇದ್ದಿದ್ದೂ ಇದಕ್ಕೇ. ಇನ್ನೊಂದು ವಿಷಯ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ: ಅಮೆಜಾನ್ ಕಳ್ಕೊಳ್ಳೋ ರಂಜಕದ (ಫಾಸ್ಫರಸ್, ಗಿಡಕ್ಕೆ ಬೇಕೇ ಬೇಕಾದ ಒಂದು ಪೋಷಕಾಂಶ) ಒಂದು ಪಾಲನ್ನ ತುಂಬಿಕೊಡೋದು ಸಹಾರಾ ಮರುಭೂಮಿಯ ಧೂಳು, ಗಾಳಿಗೆ ಎದ್ದು ಅಟ್ಲಾಂಟಿಕ್ ಸಾಗರ ದಾಟಿ ಬಂದು ಮಳೆ ಜೊತೆ ಕಾಡಿನ ಮೇಲೆ ಇಳಿಯುತ್ತೆ.