ಮದ್ದಿನ ಪೀಪಾಯಿಗಳ ಲೆಕ್ಕ: ಮ್ಯಾಸಚೂಸೆಟ್ಸ್‌ನ ಬಂಡಾಯ ಸರ್ಕಾರ ಯುದ್ಧಕ್ಕೆ ಸಜ್ಜಾದದ್ದು ಹೀಗೆ

ಅಮೆರಿಕ ಸ್ವಾತಂತ್ರ್ಯ ಘೋಷಿಸಿದ್ದು 1776ರ ಜುಲೈನಲ್ಲಿ. ಮೊದಲ ಗುಂಡು ಹಾರಿದ್ದು ಅದಕ್ಕೂ ಮುಂಚೆ, 1775ರ ಏಪ್ರಿಲ್‌ನಲ್ಲಿ. ಆ ಗುಂಡಿಗೆ ಬೇಕಾದ ಮದ್ದು ಕೂಡಿಡುವ ಕೆಲಸ ಇನ್ನೂ ಆರು ತಿಂಗಳು ಹಿಂದೆಯೇ ಶುರುವಾಗಿತ್ತು. ಆಗ ಮ್ಯಾಸಚೂಸೆಟ್ಸ್‌ನಲ್ಲಿ ಎರಡು ಸರ್ಕಾರಗಳು. ಒಂದು ಬ್ರಿಟಿಷ್ ರಾಜ ನೇಮಿಸಿದ್ದು, ಇನ್ನೊಂದು ಜನ ತಾವೇ ಕಟ್ಟಿಕೊಂಡದ್ದು. ಯಾವ ಸಮಿತಿ ಯಾರದ್ದು, ಪಡೆ ಯಾರ ಮಾತು ಕೇಳುತ್ತಿತ್ತು ಅನ್ನೋದು ಇವತ್ತಿಗೂ ಓದುಗರಿಗೆ ಗೋಜಲು. ಮದ್ದಿನ ಜಾಡು ಹಿಡಿದು ಹೋದರೆ ಗಂಟು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ.

ಈ ವಸಾಹತಿನಲ್ಲಿ ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಊರೂರಿಗೆ ನಾಗರಿಕ ಪಡೆ ಇತ್ತು, ಅದು ರಾಜನ ಪರವಾಗಿ ಫ್ರೆಂಚರ ವಿರುದ್ಧ ಕಾದಾಡಿಯೂ ಇತ್ತು. 1760ರ ದಶಕದಲ್ಲಿ ತೆರಿಗೆ ಜಗಳ ಬಂತು. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ತೆರಿಗೆ ವಿರೋಧಿಗಳು ಚಹಾವನ್ನು ಸಮುದ್ರಕ್ಕೆ ಎಸೆದರು. 1774ರ ಜೂನ್‌ನಲ್ಲಿ ಲಂಡನ್ ಅದಕ್ಕೆ ಶಿಕ್ಷೆಯಾಗಿ ಆ ಬಂದರನ್ನೇ ಮುಚ್ಚಿತು.

ಊರಿನವರ ಮದ್ದೂ ಸರ್ಕಾರದ ಮದ್ದೂ ಒಂದೇ ಉಗ್ರಾಣದಲ್ಲಿ ಇರುವುದು ಅಲ್ಲಿನ ರೂಢಿ. ಬಾಸ್ಟನ್ ಹತ್ತಿರ ಹಳೆಯ ಗಾಳಿಗಿರಣಿಯ ಕಲ್ಲಿನ ಗೋಪುರವೊಂದು ಇಂಥ ಮದ್ದಿನ ಮನೆಯಾಗಿತ್ತು. ಆ ಬೇಸಿಗೆಯಲ್ಲಿ ಊರಿನವರು ತಮ್ಮ ತಮ್ಮ ಪಾಲನ್ನು ಸದ್ದಿಲ್ಲದೆ ಹೊತ್ತೊಯ್ದರು. ಉಳಿದದ್ದು ಪ್ರಾಂತ್ಯದ, ಅಂದರೆ ರಾಜನ ಸರ್ಕಾರದ ಪಾಲು. ರಾಜ ನೇಮಿಸಿದ್ದ ಗವರ್ನರ್ ಥಾಮಸ್ ಗೇಜ್ ಸೆಪ್ಟೆಂಬರ್ 1ರ ಬೆಳಗಿನ ಜಾವ ಸೈನಿಕರನ್ನು ದೋಣಿಯಲ್ಲಿ ಕಳಿಸಿ 250 ಅರ್ಧ ಪೀಪಾಯಿ ಮದ್ದು ತರಿಸಿಕೊಂಡರು. ಕಾನೂನಿನ ಲೆಕ್ಕದಲ್ಲಿ ಅವರಿಗೆ ಆ ಹಕ್ಕಿತ್ತು. ಆದರೆ ‘ಗುಂಡು ಹಾರಿತು, ಜನ ಸತ್ತರು’ ಎಂಬ ಸುಳ್ಳು ಸುದ್ದಿ ಹಬ್ಬಿತು. ಸಾವಿರಾರು ಜನ ಕೋವಿ ಹಿಡಿದು ಬಾಸ್ಟನ್ ಪಕ್ಕದ ಕೇಂಬ್ರಿಜ್ ಕಡೆ ನಡೆದರು. ಕಾಳಗ ನಡೆಯಲಿಲ್ಲ. ಮದ್ದು ಯಾರ ಕೈಯಲ್ಲಿದೆ ಅನ್ನೋದೇ ಮುಖ್ಯ ಎಂದು ಎರಡೂ ಕಡೆಯವರಿಗೆ ಅವತ್ತು ಮನವರಿಕೆಯಾಯಿತು.

ಗೇಜ್ ಶಾಸನಸಭೆ ನಡೆಸಬೇಡಿ ಎಂದರು. ಸದಸ್ಯರು ಅಕ್ಟೋಬರ್‌ನಲ್ಲಿ ಸೇಲಂನಲ್ಲಿ ಸೇರಿಯೇ ಬಿಟ್ಟರು. ತಮ್ಮನ್ನು ‘ಪ್ರಾಂತೀಯ ಕಾಂಗ್ರೆಸ್’ ಎಂದು ಕರೆದುಕೊಂಡರು. ಜಾನ್ ಹ್ಯಾನ್‌ಕಾಕ್ ಅಧ್ಯಕ್ಷರಾದರು. ತೆರಿಗೆ ಹಣವನ್ನು ರಾಜನ ಖಜಾಂಚಿಗೆ ಕೊಡಬೇಡಿ, ನಮ್ಮ ಖಜಾಂಚಿ ಹೆನ್ರಿ ಗಾರ್ಡ್ನರ್‌ಗೆ ಕೊಡಿ ಎಂದು ಊರುಗಳಿಗೆ ಹೇಳಿಕಳಿಸಿದರು. ನನ್ನ ಪ್ರಕಾರ ಬಂಡಾಯ ಶುರುವಾದದ್ದು ಇಲ್ಲೇ. ಕೋವಿ ಎತ್ತುವುದಕ್ಕಿಂತ ದೊಡ್ಡ ಧೈರ್ಯ ಇದು, ಅಲ್ವಾ?

ಆ ತಿಂಗಳ ಕೊನೆಗೆ ಎರಡು ಸಮಿತಿಗಳಾದವು. ಪಡೆಯನ್ನು ಯಾವಾಗ ಕರೆಯಬೇಕು ಎಂದು ತೀರ್ಮಾನಿಸುವುದು ರಕ್ಷಣಾ ಸಮಿತಿ. ಬೇಕಾದ ಸಾಮಾನು ಕೊಂಡು ಕೂಡಿಡುವುದು ಸರಬರಾಜು ಸಮಿತಿ. ಕೊಳ್ಳಬೇಕಾದ ಪಟ್ಟಿಯೂ ಸಿದ್ಧವಾಯಿತು: 20 ಫಿರಂಗಿ, 1000 ಪೀಪಾಯಿ ಮದ್ದು, ಬಾಯೊನೆಟ್ (ತುದಿಗೆ ಸಿಕ್ಕಿಸುವ ಚೂರಿ) ಸಮೇತ 5000 ಕೋವಿ, 75,000 ಚಕಮಕಿ ಕಲ್ಲು. ಒಟ್ಟು 20,000 ಪೌಂಡ್ ದಾಟಿದ ಖರ್ಚು. ಹಣ ಮಾತ್ರ ನಿಧಾನವಾಗಿ ಬಂತು. ಅದೇ ತಿಂಗಳು ಲಂಡನ್, ಅಮೆರಿಕಕ್ಕೆ ಕೋವಿ ಮದ್ದು ಸಾಗಿಸುವುದನ್ನು ನಿಷೇಧಿಸಿತು.

ಹಾಗಾದರೆ ಸಾಮಾನು ಬಂದದ್ದು ಎಲ್ಲಿಂದ? ಡಿಸೆಂಬರ್‌ನಲ್ಲಿ ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನ ಜನ ರಾಜನ ಕೋಟೆಯೊಂದಕ್ಕೆ ನುಗ್ಗಿ ಸುಮಾರು 100 ಪೀಪಾಯಿ ಮದ್ದು ತಂದರು. ಮ್ಯಾಸಚೂಸೆಟ್ಸ್‌ನ ಸರಬರಾಜು ಸಮಿತಿಯಲ್ಲಿ ಮೀನು ವ್ಯಾಪಾರಿಗಳಿದ್ದರು. ಅವರ ಉಪ್ಪು ಹಾಕಿದ ಕಾಡ್ ಮೀನು ವರ್ಷಗಳಿಂದ ಸ್ಪೇನಿನ ಬಿಲ್ಬಾವೊ ಬಂದರಿಗೆ ಹೋಗುತ್ತಿತ್ತು. ಮೀನಿನ ನಂಟಿನ ಮೇಲೆಯೇ ಅಲ್ಲಿನ ವರ್ತಕರನ್ನು ಕೋವಿ ಕೇಳಿದರು. ಸಾಮಾನು ಇಡಲು ವುಸ್ಟರ್ ಮತ್ತು ಕಾಂಕರ್ಡ್ ಆರಿಸಿದರು. ಕಾಂಕರ್ಡ್ ಬಾಸ್ಟನ್‌ನಿಂದ ಸುಮಾರು 30 ಕಿಲೋಮೀಟರ್ ಒಳಗೆ. ಅಲ್ಲಿ ಕರ್ನಲ್ ಜೇಮ್ಸ್ ಬ್ಯಾರೆಟ್‌ರ ತೋಟದಲ್ಲೂ ಊರಿನ ಮನೆಗಳಲ್ಲೂ ಹಿಟ್ಟು, ಅಕ್ಕಿ, ಡೇರೆ, ಗುಂಡು ಎಲ್ಲಾ ಹಂಚಿ ಇಟ್ಟರು.

ಬೇಹುಗಾರರಿಂದ ಗೇಜ್‌ಗೆ ಇದೆಲ್ಲ ತಿಳಿಯುತ್ತಿತ್ತು. 1775ರ ಏಪ್ರಿಲ್ 18ರ ರಾತ್ರಿ ಸುಮಾರು 700 ಸೈನಿಕರು ಕಾಂಕರ್ಡ್‌ಗೆ ಹೊರಟರು. ಬೆಳಗ್ಗೆ ಲೆಕ್ಸಿಂಗ್ಟನ್‌ನಲ್ಲಿ ನಾಗರಿಕ ಪಡೆಯ 8 ಜನ ಸತ್ತರು. ಇಷ್ಟು ಎಲ್ಲರಿಗೂ ಗೊತ್ತು. ಕಾಂಕರ್ಡ್‌ನಲ್ಲಿ ಹೆಚ್ಚಿನ ಸಾಮಾನನ್ನು ಊರಿನವರು ಮೊದಲೇ ಬೇರೆ ಕಡೆ ಸಾಗಿಸಿದ್ದರು. ಸಿಕ್ಕ ಹಿಟ್ಟನ್ನೂ ಗುಂಡನ್ನೂ ಸೈನಿಕರು ಗಿರಣಿಯ ಕೆರೆಗೆ ಎಸೆದರು. ಅದರಲ್ಲಿ ಎಷ್ಟನ್ನೋ ಊರಿನವರು ಆಮೇಲೆ ಮೇಲೆತ್ತಿದರು. ಫಿರಂಗಿಯ ಮರದ ಗಾಡಿಗಳಿಗೆ ಸೈನಿಕರು ಬೆಂಕಿ ಹಚ್ಚಿದರು. ಗುಡ್ಡದ ಮೇಲಿದ್ದ ನಾಗರಿಕ ಪಡೆ ಹೊಗೆ ನೋಡಿ, ಊರೇ ಸುಡುತ್ತಿದೆ ಎಂದು ಸೇತುವೆ ಕಡೆ ಇಳಿಯಿತು. ಯುದ್ಧ ಹತ್ತಿಕೊಂಡಿತು.

ನಾಲ್ಕೇ ದಿನದಲ್ಲಿ ಕಾಂಗ್ರೆಸ್ 30,000 ಜನರ ಸೈನ್ಯಕ್ಕೆ ಒಪ್ಪಿಗೆ ಕೊಟ್ಟಿತು. ಜನ ಬಂದರು. ಮದ್ದು ಸಾಲಲಿಲ್ಲ. ಜೂನ್ 17ರಂದು ಬಂಕರ್ ಹಿಲ್ ಕಾಳಗದಲ್ಲಿ ಬ್ರಿಟಿಷರನ್ನು ಎರಡು ಸಲ ಹಿಮ್ಮೆಟ್ಟಿಸಿದವರು ಮೂರನೇ ಸಲ ಮದ್ದು ಮುಗಿದು ಸೋತರು. ರಕ್ಷಣಾ ಸಮಿತಿಯ ಜೀವಾಳವಾಗಿದ್ದ ಡಾಕ್ಟರ್ ಜೋಸೆಫ್ ವಾರನ್ ಅಲ್ಲೇ ಪ್ರಾಣ ಬಿಟ್ಟರು.

ಜುಲೈನಲ್ಲಿ ಜಾರ್ಜ್ ವಾಷಿಂಗ್ಟನ್ ಎಲ್ಲಾ ವಸಾಹತುಗಳ ಒಟ್ಟು ಸೈನ್ಯಕ್ಕೆ ಸೇನಾಪತಿಯಾಗಿ ಬಂದರು. ದಾಸ್ತಾನು ಎಷ್ಟು ಎಂದು ಕೇಳಿದಾಗ 300ಕ್ಕೂ ಹೆಚ್ಚು ಪೀಪಾಯಿ ಎಂಬ ಲೆಕ್ಕ ಸಿಕ್ಕಿತು. ಆಗಸ್ಟ್ ಮೊದಲ ವಾರ ನೋಡಿದರೆ ಉಗ್ರಾಣದಲ್ಲಿದ್ದದ್ದು 36. ಬೇರೆ ವಸಾಹತುಗಳ ಪಾಲು ಸೇರಿಸಿದರೂ ಒಬ್ಬ ಸೈನಿಕನಿಗೆ ಸುಮಾರು 9 ತೋಟಾ. ವಾಷಿಂಗ್ಟನ್ ಅರ್ಧ ಗಂಟೆ ಮಾತೇ ಆಡಲಿಲ್ಲ ಎಂದು ಜನರಲ್ ಸಲಿವನ್ ಪತ್ರದಲ್ಲಿ ಬರೆದರು. ಮೊದಲಿನಿಂದ ಕೂಡಿಸಿದ್ದೆಷ್ಟು ಎಂದು ಸಮಿತಿ ಬರೆದುಕೊಟ್ಟಿತ್ತು. ಉಳಿದಿದ್ದೆಷ್ಟು ಎಂದು ಬರೆದಿರಲಿಲ್ಲ. ದೂರುವುದು ಸುಲಭ. ಆದರೆ ಅವರು ವ್ಯಾಪಾರಿಗಳು, ರೈತರು. ಸೈನ್ಯದ ಲೆಕ್ಕಪತ್ರದ ಅಭ್ಯಾಸ ಅವರಿಗೆ ಬರುವುದಾದರೂ ಎಲ್ಲಿಂದ?

ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು (ಸಾಲ್ಟ್‌ಪೀಟರ್). ಉಳಿದದ್ದು ಇದ್ದಿಲು, ಗಂಧಕ. ಬ್ರಿಟಿಷರಿಗೆ ಪೆಟ್ಲುಪ್ಪಿನ ಚಿಂತೆಯೇ ಇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿ ಅದನ್ನು ಬಿಹಾರದಿಂದ ಹಡಗುಗಟ್ಟಲೆ ಸಾಗಿಸುತ್ತಿತ್ತು. ಅಲ್ಲಿನ ನೋನಿಯಾ ಜನ ಮಣ್ಣು ತೊಳೆದು, ನೀರು ಕುದಿಸಿ ತೆಗೆದ ಉಪ್ಪು ಅದು. ಮ್ಯಾಸಚೂಸೆಟ್ಸ್‌ನವರೂ ಅದನ್ನೇ ಮಾಡಹೊರಟರು. ಕೊಟ್ಟಿಗೆ, ಕುದುರೆ ಲಾಯದ ನೆಲ ಕೆರೆದು, ಮಣ್ಣು ತೊಳೆದು, ಬೂದಿ ಬೆರೆಸಿ ಕಾಯಿಸಿದರು. ಕಾಂಗ್ರೆಸ್ ಒಳ್ಳೆಯ ಬೆಲೆ ಕೊಟ್ಟು ಕೊಂಡಿತು, ವಿಧಾನ ತಿಳಿಸುವ ಪುಸ್ತಿಕೆಗಳೂ ಅಚ್ಚಾದವು. ಆದರೂ ಸಿಕ್ಕಿದ್ದು ಕಡಿಮೆ. ಯುದ್ಧದ ಮೊದಲ ಎರಡೂವರೆ ವರ್ಷ ಬಳಕೆಯಾದ ಮದ್ದಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೊರಗಿನದೇ. ಮದ್ದಾಗಿಯೋ ಪೆಟ್ಲುಪ್ಪಾಗಿಯೋ, ಫ್ರಾನ್ಸ್‌ನಿಂದ, ಕೆರಿಬಿಯನ್ ಸಮುದ್ರದಲ್ಲಿದ್ದ ಡಚ್ಚರ ಸೇಂಟ್ ಯುಸ್ಟೇಶಿಯಸ್ ದ್ವೀಪದ ಮೂಲಕ ಬಂತು.

1778ರಲ್ಲಿ ಫ್ರಾನ್ಸ್ ಬಹಿರಂಗವಾಗಿ ಯುದ್ಧಕ್ಕೆ ಇಳಿಯಿತು. ಅದೇ ಜಗಳ ನಮ್ಮ ಕಡೆಗೂ ಹರಡಿತು. ಹೈದರ್ ಅಲಿಗೆ ಸಾಮಾನು ಬರುತ್ತಿದ್ದ ಫ್ರೆಂಚರ ಮಾಹೆ ಬಂದರನ್ನು ಬ್ರಿಟಿಷರು 1779ರಲ್ಲಿ ಹಿಡಿದರು, ಮರುವರ್ಷ ಹೈದರ್ ಅವರ ಮೇಲೆ ದಂಡೆತ್ತಿ ಹೋದ. ಆ ಸುದ್ದಿ ಅಟ್ಲಾಂಟಿಕ್ ದಾಟಿತ್ತು. ಪೆನ್ಸಿಲ್ವೇನಿಯಾ ತನ್ನ ವ್ಯಾಪಾರದ ಹಡಗುಗಳ ಕಾವಲಿಗೆ ಒಂದು ಹಡಗು ಸಜ್ಜು ಮಾಡಿತು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಅದು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಸೆರೆ ಹಿಡಿಯಿತು. ಗೆದ್ದ ಆ ಹಡಗಿನ ಹೆಸರು ‘ಹೈದರ್ ಅಲಿ’.